ಸಬ್ತಿಯ ಒಳಹೆಸರು

ಬೆಳ್ಳಿ ಡಬ್ಬಿಯ ಮುಚ್ಚಳದ ಮೇಲೆ ಕೊರೆದ ಗೆರೆಗಳೊಳಗೆ ಖಲಫ್ ಕಪ್ಪು ತುಂಬುತ್ತಿದ್ದ ಹೊತ್ತಿಗೆ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ಅದು ತಲೆಯೆತ್ತಿ ನೋಡುವ ಹೊತ್ತಲ್ಲ. ಸೀಸ, ತಾಮ್ರ, ಗಂಧಕ ಕರಗಿಸಿ ಮಾಡಿದ ಆ ಕಪ್ಪು ಸ್ವಲ್ಪ ಹೆಚ್ಚು ಕಾದರೂ ಬೆಳ್ಳಿಯನ್ನೇ ತಿಂದು ತೂತು ಮಾಡಿಬಿಡುತ್ತದೆ. "ಯಾರಾದ್ರೂ ಸರಿ, ಬೆಳಕು ಬಿಟ್ಟು ನಿಂತ್ಕೊಳ್ಳಿ" ಎಂದು ಗೊಣಗಿ, ಇಕ್ಕುಳದಲ್ಲಿ ಮುಚ್ಚಳವನ್ನು ಕೆಂಡದಿಂದ ಈಚೆಗೆಳೆದ. ಕೊರೆದಿದ್ದ ದೋಣಿ, ಖರ್ಜೂರದ ಮರ, ನೀರಿನ ಅಲೆ ಎಲ್ಲವೂ ಒಂದೇ ಕಪ್ಪು ಹೆಪ್ಪಿನ ಕೆಳಗೆ ಮುಚ್ಚಿಹೋಗಿದ್ದವು. ಆರಿದ ಮೇಲೆ ಉಜ್ಜಬೇಕು. ಆಗ ಬೇಕಾದಷ್ಟು ಕಪ್ಪು ಮಾತ್ರ ಗೆರೆಯೊಳಗೆ ನಿಲ್ಲುತ್ತದೆ.

ತಲೆಯೆತ್ತಿದರೆ ಎದುರಿಗೆ ನಿಂತಿದ್ದವಳು ಶಾಮಿಯಾ, ಸಬ್ತಿಯ ಹೆಂಡತಿ. ಮೂವತ್ತೊಂದು ವರ್ಷದಿಂದ ಈ ಹೊಸ್ತಿಲು ತುಳಿಯದವಳು. ಗಂಡ ಸತ್ತು ಮೂರು ತಿಂಗಳಾಗಿದ್ದರೂ ಅವಳ ಕಣ್ಣು ಒಣಗಿಯೇ ಇತ್ತು. ನದಿಯ ನೀರನ್ನೇ ನಂಬಿದ ನಮ್ಮ ಮಂದಾಯಿ ಜನರಲ್ಲಿ ಸತ್ತವರಿಗಾಗಿ ಅಳುವ ಹಾಗಿಲ್ಲ. ಅತ್ತ ಕಣ್ಣೀರೆಲ್ಲ ಹೊಳೆಯಾಗಿ ಸತ್ತವರ ದಾರಿಗೇ ಅಡ್ಡ ಹರಿಯುತ್ತದೆ. ಅವಳು ಅಳುವನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಳೋ, ಮುಖ ಮಾತ್ರ ಊದಿಕೊಂಡಿತ್ತು.

ಸಬ್ತಿ ಸತ್ತ ಸುದ್ದಿ ಬಂದ ದಿನ ಖಲಫನಿಗೆ ಸಂತೋಷವಾಗಿತ್ತು. ಇದರಲ್ಲಿ ಮುಚ್ಚಿಡುವುದೇನಿಲ್ಲ. ಸಾಮಾನ್ಯವಾಗಿ ಊಟಕ್ಕೆ ಒಂದು ಮೀನು ತಿನ್ನುವವನು ಅಂದು ಎರಡು ತಿಂದ. ಅದರಲ್ಲೂ ಅವನು ಸತ್ತ ರೀತಿ ಕೇಳಿದ ಮೇಲೆ ಖುಷಿ ಇಮ್ಮಡಿಯಾಯಿತು. ಸಬ್ತಿ ದೋಣಿ ಕಟ್ಟುವವನು. ಹೊಸ ದೋಣಿಯ ಹೊಟ್ಟೆಗೆ ಡಾಂಬರು ಬಳಿಯುತ್ತಿದ್ದವನು ಅಟ್ಟಣೆಯಿಂದ ಜಾರಿ ಬಿದ್ದು ಅಲ್ಲೇ ಪ್ರಾಣ ಬಿಟ್ಟ. ಮೈಮೇಲಿದ್ದದ್ದು ಡಾಂಬರು ಮೆತ್ತಿದ ಅಂಗಿ. ಸಾಯುವವನ ಮೇಲೆ ನದಿಯ ನೀರು ಸುರಿದು, ಪ್ರಾಣ ಹೋಗುವ ಮೊದಲೇ ಬಿಳಿಯುಡುಗೆ ಉಡಿಸಬೇಕೆನ್ನುವುದು ನಮ್ಮ ಹುಟ್ಟಿನಿಂದ ಬಂದ ನಿಯಮ. ಬಿಳಿಯುಡುಗೆಯಿಲ್ಲದೆ ಹೊರಟ ಜೀವ ಬೆಳಕಿನ ಲೋಕದ ದಾರಿಯಲ್ಲಿ ಮೊದಲ ಕಾವಲುಮನೆಯಲ್ಲೇ ಸಿಕ್ಕಿಬೀಳುತ್ತದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಇದ್ದಲಿನ ಒಲೆಯ ಮುಂದೆ ಕೂತು ಖಲಫ್ ಅದನ್ನು ಎಷ್ಟೋ ಸಲ ನೆನೆದುಕೊಂಡಿದ್ದ, ಡಾಂಬರಿನ ಅಂಗಿಯಲ್ಲಿ ಬಾಗಿಲು ತಟ್ಟುತ್ತ ನಿಂತಿರುವ ಸಬ್ತಿಯನ್ನು.

ಹಗೆಯ ಕಥೆ ಊರಿಗೆಲ್ಲ ಗೊತ್ತಿತ್ತು. ಖಲಫನ ಅಮ್ಮ, ಸಬ್ತಿಯ ಅಮ್ಮ ಅಕ್ಕತಂಗಿಯರು. ಒಂದೇ ಅಂಗಳದಲ್ಲಿ ಬೆಳೆದ ಹುಡುಗರಿಬ್ಬರೂ ಒಂದೇ ಒಲೆಯ ಮುಂದೆ ಬೆಳ್ಳಿ ಕೆಲಸ ಕಲಿತರು. ಅವರ ಸೋದರಮಾವ ಊರಿನ ಶೇಖ್, ಅಂದರೆ ಗುರು. ಮಕ್ಕಳಿಲ್ಲದ ಮಾವ ತನ್ನ ಗುರುಪಟ್ಟಕ್ಕೆ ಖಲಫನನ್ನು ಆರಿಸಿದ. ಆರು ವರ್ಷ ಮಂತ್ರ ಬಾಯಿಪಾಠವಾಯಿತು. ದೀಕ್ಷೆಯ ಜೊಂಡಿನ ಗುಡಿಸಲೂ ಎದ್ದಿತು. ಇನ್ನು ಹನ್ನೆರಡು ದಿನ ಇದೆ ಎನ್ನುವಾಗ ಬೆಳ್ಳಿಯ ತಗಡು ಕತ್ತರಿಸುತ್ತಿದ್ದ ಸಬ್ತಿಯ ದೊಡ್ಡ ಕತ್ತರಿ ಖಲಫನ ಬಲಗೈಯ ಕಿರುಬೆರಳನ್ನು ತೆಗೆದುಬಿಟ್ಟಿತು. ಮೈಯಲ್ಲಿ ಒಂದು ಊನವಿದ್ದರೂ ಗುರುವಾಗುವಂತಿಲ್ಲ. ಗುಡಿಸಲನ್ನು ಬಿಚ್ಚಿ ಜೊಂಡನ್ನು ಎಮ್ಮೆಗಳಿಗೆ ಹಾಕಿದರು. ಮಾವ ಎಲ್ಲರೆದುರಿಗೆ ಸಬ್ತಿಯ ಕೆನ್ನೆಗೆ ಹೊಡೆದು ಬೆಳ್ಳಿಯ ಒಲೆಯ ಹತ್ತಿರ ಬರಕೂಡದೆಂದು ಅಟ್ಟಿದ. ಊರು ಅವನಿಗೆ 'ಬೆರಳುಗತ್ತರಿ' ಎಂದು ಹೆಸರಿಟ್ಟಿತು. ಅವನು ಹೆಂಡತಿಯನ್ನು ಕರೆದುಕೊಂಡು ನದಿಯ ಕೆಳಗಿನ ಕೇರಿಗೆ ಹೋಗಿ ದೋಣಿ ಕೆಲಸಕ್ಕೆ ಸೇರಿದ. ಹೋದದ್ದು ಕಿರುಬೆರಳಾದ್ದರಿಂದ ಖಲಫನ ಕಸುಬಿಗೇನೂ ತೊಂದರೆಯಾಗಲಿಲ್ಲ. ಉಳಿ ಹಿಡಿಯಲು ಅದು ಬೇಕಾಗಿಲ್ಲ. ಪುಣ್ಯಕ್ಕೆ ಅದೇ ಬೆರಳು ಹೋಯಿತು ಎಂದು ಜನ ಅಂದರು.

ಶಾಮಿಯಾ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಬಂದ ಕೆಲಸ ಹೇಳಿದಳು. ಬರುವ ವಾರ ಪಂಜಾ ಹಬ್ಬ. ಆ ಐದು ದಿನ ಬೆಳಕಿನ ಲೋಕದ ಬಾಗಿಲು ತೆರೆದಿರುತ್ತದೆ, ಬಿಳಿಯುಡುಗೆಯಿಲ್ಲದೆ ಸತ್ತವರಿಗೆ ಉಡುಗೆ ಕಳಿಸಲು ಇರುವುದು ಅದೊಂದೇ ಅವಕಾಶ. ಸತ್ತವನ ಬದಲಿಗೆ ಬದುಕಿರುವವನೊಬ್ಬ ಹೊಸ ಉಡುಗೆ ಉಟ್ಟು ನದಿಗಿಳಿಯಬೇಕು. ಗಂಡಸಿಗೆ ಗಂಡಸು, ಮದುವೆಯಾದವನಿಗೆ ಮದುವೆಯಾದವನು, ರಕ್ತಸಂಬಂಧಿ, ಹೆಚ್ಚುಕಡಿಮೆ ಅದೇ ವಯಸ್ಸು. ಸಬ್ತಿಗಿರುವುದು ಮೂವರು ಹೆಣ್ಣುಮಕ್ಕಳು. ಅವನ ಕಡೆ ಉಳಿದಿರುವ ಗಂಡಸು ಖಲಫ್ ಒಬ್ಬನೇ.

"ನಿಮ್ಮನ್ನ ಕೇಳ್ಬಾರ್ದು ಅಂತ ಗೊತ್ತು ಭಾವ" ಎಂದಳು. "ಬೇರೆ ಯಾರಾದ್ರೂ ಇದ್ದಿದ್ರೆ ನಿಮ್ಮ ನೆರಳೂ ಮುಟ್ತಿರ್ಲಿಲ್ಲ ನಾನು."

ಇಲ್ಲ ಎನ್ನಲು ಬಾಯಿ ತೆರೆದವನನ್ನು ಅವಳ ಮುಂದಿನ ಮಾತು ತಡೆಯಿತು. ಅವಳಿಗೆ ಗಂಡನ ಒಳಹೆಸರೂ ಬೇಕಾಗಿತ್ತು. ನಮ್ಮಲ್ಲಿ ಪೇಟೆಗೆ, ಸರ್ಕಾರಕ್ಕೆ, ನೆರೆಯವರಿಗೆ ಒಂದು ಹೆಸರು. ಅದರೊಳಗೆ ಇನ್ನೊಂದು, ಹುಟ್ಟಿದ ಗಳಿಗೆ ನೋಡಿ ತಾಯಿಯ ಹೆಸರಿಗೆ ಸೇರಿಸಿ ಇಟ್ಟದ್ದು. ನದಿಯಲ್ಲಿ ಗುರು ಕರೆಯುವುದು ಅದನ್ನು, ಬೆಳಕಿನ ಲೋಕದಲ್ಲಿ ನಡೆಯುವುದೂ ಅದೇ. ಮಾಟ ಮಾಡುವವರ ಕಿವಿಗೆ ಬೀಳದಿರಲೆಂದು ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಪರದೆಯ ಹಿಂದೆ ಕೂತಿದ್ದ ಶಾಮಿಯಾಗೆ ಹೆಂಗಸರ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಹೆಸರುಗಳನ್ನು ಬರೆದಿಟ್ಟಿದ್ದ ಮಾವನ ಸುರುಳಿ ದೊಡ್ಡ ನೆರೆಯಲ್ಲಿ ಕೊಚ್ಚಿಹೋಗಿತ್ತು. ಈಗಿನ ಶೇಖ್ ಅಮಾರಾ ಪಟ್ಟಣದಿಂದ ಬಂದವರು, ಸಬ್ತಿ ಅವರ ಕೈಯಲ್ಲಿ ಒಂದು ಸಲವೂ ನದಿಗಿಳಿದಿರಲಿಲ್ಲ. ಹಾಗಾಗಿ ಅಮ್ಮಂದಿರು ಸತ್ತ ಮೇಲೆ ಆ ಹೆಸರು ಗೊತ್ತಿದ್ದದ್ದು ಒಂದೇ ಅಂಗಳದಲ್ಲಿ ಬೆಳೆದವನಿಗೆ ಮಾತ್ರ.

ಖಲಫ್ ಇಕ್ಕುಳದಿಂದ ಒಲೆಯ ಕೆಂಡ ಕೆದಕಿದ. ತಪ್ಪು ಹೆಸರಿನಲ್ಲಿ ಕೊಟ್ಟ ಉಡುಗೆ ಯಾರಿಗೂ ತಲುಪುವುದಿಲ್ಲ. ತಪ್ಪು ಎಂದು ಯಾರಿಗೂ ತಿಳಿಯುವುದೂ ಇಲ್ಲ. ಕೆಲಸ ಮುಗಿಯಿತೆಂದು ಎಲ್ಲರೂ ಮನೆಗೆ ಹೋಗುತ್ತಾರೆ, ಮತ್ತೆ ಯಾರೂ ಅವನಿಗೆ ಉಡುಗೆ ಕಳಿಸುವುದಿಲ್ಲ. ಡಾಂಬರಿನ ಅಂಗಿಯವನು ಅಲ್ಲೇ ನಿಂತಿರಬೇಕು, ಲೋಕ ಮುಗಿಯುವವರೆಗೆ.

"ಆಗ್ಲಿ" ಎಂದ. "ಉಡ್ತೀನಿ. ಹೆಸರೂ ಹೇಳ್ತೀನಿ."

ಅವಳು ಬಾಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಅದನ್ನು ಕಂಡು ಖಲಫನಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಆದರೆ ಆಗಲೇ ಅವನು ಸಿಳ್ಳೆ ಹಾಕುತ್ತಿದ್ದ.

ಮನೆಯಲ್ಲಿ ಲುಲ್ವಾ ನಂಬಲಿಲ್ಲ. ಗಂಡನ ಮುಖವನ್ನು ಅನ್ನ ಬೆಂದಿದೆಯೋ ಇಲ್ಲವೋ ನೋಡುವ ಹಾಗೆ ನೋಡಿದಳು. ಹಗೆಯವನ ಹೆಸರು ಬಂದರೆ ಎದುರಿಗಿದ್ದ ತಟ್ಟೆ ದೂಡುವ ಮನುಷ್ಯ, ಈಗ ಅವನ ಬದಲಿಗೆ ನೀರಿಗಿಳಿಯುತ್ತಾನಂತೆ. "ನಿನ್ನ ಆ ಬೆರಳು ಸತ್ತು ಮೂವತ್ತೊಂದು ವರ್ಷ ಆಯ್ತು, ಪ್ರತಿ ದಿನ ಅದರ ತಿಥಿ ಮಾಡ್ತೀಯ" ಎಂದಳು. "ಇವತ್ತೇನು, ಎಡೆ ತಿಂದು ಎದ್ದುಬಿಟ್ಯಾ?" ಖಲಫ್ ನಕ್ಕ. ಅವನು ನಕ್ಕದ್ದೇ ಅವಳಿಗೆ ಸರಿಬರಲಿಲ್ಲ.

ಹಬ್ಬದ ಎರಡನೆಯ ದಿನ ಅವನು ಶೇಖ್ ಯೂಹಾನರ ಹತ್ತಿರ ಹೋದ. ನದಿಯಿಂದ ಕಾಲುವೆ ತೋಡಿ ನೀರು ತಂದ ಕೊಳದ ಪಕ್ಕದ ಮಣ್ಣಿನ ಗುಡಿಗೆ ಅವರು ಹೊಸದಾಗಿ ಜೇಡಿ ಮೆತ್ತುತ್ತಿದ್ದರು. ಎಂಬತ್ತರ ಮುದುಕ, ಮೊಣಕೈವರೆಗೆ ಕೆಸರು, ಎದೆವರೆಗೆ ಗಡ್ಡ. ಒಳಹೆಸರು ಕೇಳಿದರು. ಖಲಫ್ ಹಿಂದಿನ ಸಂಜೆಯೇ ಯೋಚಿಸಿಟ್ಟಿದ್ದ. ತಾಯಿಯ ಹೆಸರು ಬದಲಾಯಿಸಿದರೆ ಅನುಮಾನ ಬಂದೀತು, ಆಕೆಯನ್ನು ಬಲ್ಲ ಮುದುಕಿಯರು ಇನ್ನೂ ಇದ್ದಾರೆ. "ಶಾರತಳ ಮಗ ಜಕಿಯಾ" ಎಂದ. ಶೇಖ್ ಅದನ್ನು ಮೂರು ಸಲ ಮೆಲ್ಲಗೆ ಹೇಳಿಕೊಂಡರು. ಒಂದು ಅಕ್ಷರ ತಪ್ಪಿದರೂ ಮಾಡಿದ್ದೆಲ್ಲ ಹಾಳಾಗಿ, ತಪ್ಪಿದ ಗುರುವೂ ಅಶುದ್ಧನಾಗಿ, ಮತ್ತೊಬ್ಬ ಗುರು ಮುಳುಗಿಸುವವರೆಗೆ ಹೊರಗಿರಬೇಕು.

ಕೆಲಸ ಮುಗಿದಿತ್ತು, ಏಳಬಹುದಿತ್ತು. ಆದರೆ ಖಲಫನಿಗೆ ಬಹಳ ವರ್ಷದಿಂದ ಒಂದು ಮಾತು ಕೇಳಬೇಕಿತ್ತು. ಪ್ರತಿಯೊಬ್ಬನಿಗೂ ಬೆಳಕಿನ ಲೋಕದಲ್ಲಿ ಅವನದೇ ಪಡಿರೂಪವೊಂದು ಇರುತ್ತದೆ, ಸತ್ತವನು ಕೊನೆಗೆ ಹೋಗಿ ಅದನ್ನು ಸೇರುತ್ತಾನೆ ಎಂದು ಚಿಕ್ಕಂದಿನಲ್ಲಿ ಕಲಿತಿದ್ದ. ಆ ಪಡಿರೂಪಕ್ಕೆ ಬೆರಳು ಹತ್ತೋ ಒಂಬತ್ತೋ?

ಶೇಖ್ ಕೈಯ ಕೆಸರನ್ನು ಗೋಡೆಗೆ ಒರೆಸಿ ನಕ್ಕರು. "ಬೆರಳು ಎಷ್ಟು ಅಂತ ನಂಗೇನು ಗೊತ್ತು ಮಗಾ? ಆದ್ರೆ ನೀನು ಇಲ್ಲಿ ಬಚ್ಚಿಟ್ಟಿದ್ದೆಲ್ಲ ಅವನ ಹತ್ರ ಇರುತ್ತೆ. ಅವನು ನಿನ್ನ ಒಳ್ಳೆ ಅರ್ಧ ಅಂತ ಜನ ಅಂದ್ಕೋತಾರೆ. ಅಲ್ಲ. ಅವನು ಪೂರ್ತಿ ನೀನು. ಅವನನ್ನ ತಬ್ಬಿಕೊಳ್ಳೋಕೆ ಹೆದರಿ ಬಾಗಿಲಲ್ಲೇ ನಿಂತೋರೇ ಜಾಸ್ತಿ."

ಇಂಥ ಮಾತುಗಳನ್ನು ಖಲಫ್ ಮಾವನ ಬಾಯಲ್ಲೂ ಕೇಳಿದ್ದ. ಗುರುಗಳಿಗೆ ಮಾತಿಗೇನು ಬರ ಎಂದುಕೊಂಡು ಎದ್ದ. ಹಿಂದಿನಿಂದ ಶೇಖ್, ನೀರಿನಲ್ಲಿ ನೀನು ಖಲಫ್ ಅಲ್ಲ, ಸತ್ತವನೇ ನೀನು, ಅದನ್ನ ನೆನಪಿಟ್ಕೋ ಎಂದು ಕೂಗಿ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಶಾಮಿಯಾ ಅವನ ಮನೆಗೆ ಬಿಳಿ ಬಟ್ಟೆ, ಸೂಜಿ ತಂದಳು. ಉಡುಗೆಯನ್ನು ಉಡುವವನ ಮೈಗೆ ಅಳತೆ ಮಾಡಿಯೇ ಹೊಲಿಯಬೇಕು. ಬಲಕ್ಕೆ ಬಂಗಾರದ ಎಳೆ, ಎಡಕ್ಕೆ ಬೆಳ್ಳಿಯ ಎಳೆ ಸೇರಿಸಿ ಹೊಲಿದರೆ ಅದು ಸಾವಿನ ಉಡುಗೆ. ಲುಲ್ವಾ ಚಹಾ ಕೊಟ್ಟು ಒಳಗೆ ಹೋದಳು. ಖಲಫ್ ಅಂಗಳದಲ್ಲಿ ಕೈ ಚಾಚಿ ನಿಂತ. ಬಲಗೈಯನ್ನು ಯಾವಾಗಲೂ ಮುಷ್ಟಿ ಮಾಡಿ ಹಿಡಿಯುವುದು ಅವನ ಅಭ್ಯಾಸ. ಶಾಮಿಯಾ ಅಳತೆಯ ದಾರವನ್ನು ಭುಜದಿಂದ ಮುಷ್ಟಿಯವರೆಗೆ ತಂದು ಗಂಟು ಹಾಕಿಕೊಂಡಳು. ತೋಳು ಅಂಗೈ ಮುಚ್ಚುವಷ್ಟು ಉದ್ದ ಬರಬೇಕು, ಕೈ ಬಿಡಿಸಿ ಎಂದಳು. ಅವನು ಬಿಡಿಸಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ.

ನೆಲದ ಮೇಲೆ ಕೂತು ಹೊಲಿಯುತ್ತ, ತಲೆ ಎತ್ತದೆ ಮಾತಾಡಿದಳು. "ಒಂದು ಕೇಳ್ಲಾ ಭಾವ? ನಿಮ್ಮ ತಮ್ಮ ಮೂವತ್ತೊಂದು ವರ್ಷ ನದಿಗಿಳೀಲಿಲ್ಲ. ಹಬ್ಬದಲ್ಲಿ ಊರೆಲ್ಲ ಮುಳುಗೋವಾಗ ಅವರು ದಡದಲ್ಲಿ ಕೂತು ಸಿಗರೇಟು ಸೇದೋರು. ದೇವರಿಲ್ಲದೋನು ಅಂತ ಜನ ಅಂದ್ರು, ನಾನೂ ಅಂದೆ. ಹೋದ ವರ್ಷ ಬಿಡದೆ ಕೇಳ್ದೆ. 'ಖಲಫ್‌ದು ಒಂದು ನನ್ನ ಹತ್ರ ಉಳ್ಕೊಂಡಿದೆ ಕಣೇ. ಅದನ್ನ ಇಟ್ಕೊಂಡು ಗುರುವಿನ ಕೈ ಹೇಗೆ ಹಿಡೀಲಿ' ಅಂದ್ರು. ಏನದು? ಅವರು ಹೋದ ಮೇಲೆ ಮನೆ ಪೂರ್ತಿ ಹುಡುಕ್ದೆ. ಹಳೇ ಉಳಿನೋ ಸುತ್ತಿಗೆನೋ ಇದ್ರೆ ವಾಪಸ್ ಕೊಡೋಣ ಅಂತ. ಏನೂ ಸಿಗ್ಲಿಲ್ಲ."

"ನಂಗೊತ್ತಿಲ್ಲ" ಎಂದ ಖಲಫ್.

ಆದರೆ ಅವನಿಗೆ ಗೊತ್ತಿತ್ತು. ನದಿಯಲ್ಲಿ ಮುಳುಗಿ ಎದ್ದವನ ಬಲಗೈಯನ್ನು ಗುರು ತನ್ನ ಬಲಗೈಯಲ್ಲಿ ಹಿಡಿಯುತ್ತಾನೆ. ಸತ್ಯದ ಕೈ ಎಂದು ಅದಕ್ಕೆ ಹೆಸರು. ಸುಳ್ಳು ಇಟ್ಟುಕೊಂಡವನು ಆ ಕೈ ಕೊಟ್ಟರೆ ಕೊಟ್ಟವನ ಜೀವವನ್ನೇ ಸುಡುತ್ತದೆ. ಖಲಫ್ ಮೂವತ್ತೊಂದು ವರ್ಷ, ವರ್ಷಕ್ಕೆ ಮೂರು ನಾಲ್ಕು ಸಲ, ನಾಲ್ಕು ಬೆರಳಿನ ಆ ಕೈಯನ್ನು ಕೊಡುತ್ತಲೇ ಬಂದಿದ್ದ. ಕೊಡದೆ ಇದ್ದವನು ಸಬ್ತಿ.

ಊರಿಗೆ ಗೊತ್ತಿದ್ದ ಕಥೆಯನ್ನು ಖಲಫ್ ಎಷ್ಟು ಸಲ ಹೇಳಿದ್ದನೆಂದರೆ ಅವನ ಕಣ್ಣಿಗೂ ಅದು ಹಾಗೇ ಕಾಣುತ್ತಿತ್ತು. ಈಗ ಶಾಮಿಯಾಳ ಸೂಜಿ ಬಟ್ಟೆಯೊಳಗೆ ಹೋಗಿ ಬರುವುದನ್ನು ನೋಡುತ್ತ ನಿಂತವನಿಗೆ ಇನ್ನೊಂದು ಕಥೆ ಕಂಡಿತು. ಅಂದು ಒಲೆಮನೆಯಲ್ಲಿ ಇಬ್ಬರೇ ಇದ್ದರು. ಆರು ವರ್ಷ ಮಂತ್ರ ಕಲಿತ ಖಲಫನಿಗೆ ಗುರುಪಟ್ಟ ಬೇಕೂ ಆಗಿತ್ತು, ಬೇಡವೂ ಆಗಿತ್ತು. ಬಿಳಿಯುಡುಗೆಯಲ್ಲಿ ನಿಂತರೆ ಜನ ಕಾಲಿಗೆ ಬೀಳುವುದನ್ನು ನೆನೆದು ಎದೆ ಉಬ್ಬುತ್ತಿತ್ತು. ನೀರು ನೋಡಿದರೆ ಮಾತ್ರ ಅವನಿಗೆ ಏನೂ ಅನಿಸುತ್ತಿರಲಿಲ್ಲ, ನೀರು ಬರೀ ನೀರಾಗಿ ಕಾಣುತ್ತಿತ್ತು. ಮಾವನಿಗೆ ಇದನ್ನು ಹೇಳುವ ಧೈರ್ಯವಿರಲಿಲ್ಲ. ತಗಡು ಕತ್ತರಿಸುತ್ತಿದ್ದ ಸಬ್ತಿಯ ಕತ್ತರಿಯ ಬಾಯಿಗೆ ಅವನು ಬೆರಳು ಇಟ್ಟ. ಯಾವ ಬೆರಳು ಹೋದರೆ ಕಸುಬು ಉಳಿಯುತ್ತದೆಂದು ಯೋಚಿಸಿಯೇ ಇಟ್ಟ. ತಮಾಷೆ ಎಂದುಕೊಂಡು ಸಬ್ತಿ ನಗುತ್ತಿದ್ದಾಗ, ಅವನ ಮುಷ್ಟಿಯ ಮೇಲೆ ತನ್ನ ಎಡಗೈಯಿಟ್ಟು ಒತ್ತಿದವನು ಖಲಫನೇ. ಆಮೇಲೆ ಜನ ಓಡಿಬಂದಾಗ "ಸಬ್ತಿ ಕತ್ತರಿಸಿದ" ಎಂದು ಕೂಗಿದ್ದ. ಸಬ್ತಿ ಬಾಯಿ ತೆರೆದ. ಖಲಫನ ಮುಖ ನೋಡಿದ. ಮುಚ್ಚಿದ.

ಅಷ್ಟೇ. ಅಂದಿನಿಂದ ಖಲಫ್ ಅವನನ್ನು ದ್ವೇಷಿಸಿದ. ಬೆರಳು ಕಳೆದದ್ದಕ್ಕಲ್ಲ. ಆ ಹೆದರುಪುಕ್ಕ ಹುಡುಗನನ್ನು ನೋಡಿದ ಕಣ್ಣು ಲೋಕದಲ್ಲಿ ಆ ಎರಡೇ ಆಗಿದ್ದವು, ಅವು ಇನ್ನೂ ತೆರೆದಿದ್ದವು.

ಶಾಮಿಯಾಳ ಮಾತು ಕೇಳಿದ ಮೇಲೆ ಕರುಳು ಚುರುಕ್ ಎನ್ನಬೇಕಿತ್ತು. ಎನ್ನಲಿಲ್ಲ. ಅವನಿಗೆ ಬಂದದ್ದು ಸಿಟ್ಟು, ಹಿಂದೆ ಯಾವತ್ತೂ ಬಾರದಷ್ಟು. ಎಷ್ಟು ದೊಡ್ಡ ಮನುಷ್ಯ ಇವನು, ದಡದಲ್ಲಿ ಕೂತು ಹೊಗೆ ಬಿಡುತ್ತ ನನ್ನ ಸುಳ್ಳನ್ನು ಕಾಯುತ್ತಿದ್ದನಂತೆ. ಕಾಯಿ ಎಂದು ಇವನನ್ನು ಕೇಳಿದವರಾರು? ನಿಂತಿರಲಿ ಅಲ್ಲೇ, ಬಾಗಿಲು ತಟ್ಟುತ್ತ ನಿಂತಿರಲಿ. ಆ ಕಣ್ಣೆರಡೂ ಕತ್ತಲಲ್ಲೇ ಇರಲಿ ಎಂದು ಅವನು ಮುಷ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದ.

ನಾಲ್ಕನೆಯ ದಿನ ಸೂರ್ಯ ಒಂದಾಳು ಮೇಲೆ ಬಂದಾಗ ಊರಿನ ಜನ ಕೊಳದ ದಡದಲ್ಲಿ ಸೇರಿದ್ದರು. ಎಲ್ಲರೂ ಬಿಳಿಯಲ್ಲಿ. ಬಿಳಿ ರೇಷ್ಮೆ ಹೊದ್ದ ಪತಾಕೆಯನ್ನು ದಡದ ಮಣ್ಣಿನಲ್ಲಿ ನೆಟ್ಟಾಗಿತ್ತು. ಖಲಫ್ ಹೊಸ ಉಡುಗೆಯಲ್ಲಿ ನಿಂತ. ಬಲತೋಳು ಗಿಡ್ಡವಾಗಿ ಮುಷ್ಟಿಯ ಹಿಂದೆಯೇ ನಿಂತಿತ್ತು. ಶಾಮಿಯಾ ತನ್ನ ಮೂವರು ಹೆಣ್ಣುಮಕ್ಕಳ ಜೊತೆ ಮುಂದೆಯೇ ನಿಂತಿದ್ದಳು. ಲುಲ್ವಾ ಹಿಂದೆ, ಗಂಡನ ಮೇಲಿಂದ ಕಣ್ಣು ತೆಗೆಯದೆ.

ನೀರು ತಣ್ಣಗಿತ್ತು. ಶೇಖ್ ಯೂಹಾನ ಸೊಂಟದಷ್ಟು ಆಳದಲ್ಲಿ ಕೋಲು ಹಿಡಿದು ಕಾಯುತ್ತಿದ್ದರು. ಅವರ ಹಿಂದೆ ಹೋಗಿ ಖಲಫ್ ಮೂರು ಸಲ ತಾನೇ ಮುಳುಗಿದ. ಅವರು ಮೂರು ಸಲ ಮುಳುಗಿಸಿದರು. ಒದ್ದೆ ಬೆರಳಿನಿಂದ ಹಣೆಯನ್ನು ಬಲದಿಂದ ಎಡಕ್ಕೆ ಮೂರು ಸಲ ಒರೆಸಿದರು. "ಶಾರತಳ ಮಗ ಜಕಿಯಾ, ಜೀವದ ಗುರುತು ನಿನ್ನ ಮೇಲಿದೆ" ಎಂದರು. ಅಂಗೈಯಲ್ಲಿ ಮೂರು ಗುಟುಕು ನೀರು ಕುಡಿಸಿದರು. ಹಸಿರು ಎಲೆಗಳ ಪುಟ್ಟ ಸಿಂಬೆಯನ್ನು ರುಮಾಲಿನೊಳಗೆ ಸಿಕ್ಕಿಸಿದರು. ಎಲ್ಲವೂ ಖಲಫನ ಲೆಕ್ಕದಂತೆ ನಡೆಯುತ್ತಿತ್ತು. ಮೈ ನಡುಗುತ್ತಿದ್ದರೂ ಒಳಗೆ ಅವನು ಬೆಚ್ಚಗಿದ್ದ.

ಆಮೇಲೆ ಶೇಖ್ ಬಲಗೈ ಚಾಚಿದರು.

ಈ ಕೈಯನ್ನು ಅವನು ನೂರು ಸಲ ಹಿಡಿದಿದ್ದ. ಇಂದು ಹಿಡಿಯಬೇಕಾದವನು ಸಬ್ತಿ. ಮೂವತ್ತೊಂದು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡ ಆ ಕೈಯನ್ನು ಸಬ್ತಿಯಾಗಿ ನಿಂತು ಖಲಫ್ ಕೊಡಬೇಕು. ಕೊಟ್ಟರೆ ಏನಾಗುತ್ತದೆ? ಒಂದು ಕ್ಷಣ ಅವನಿಗೆ ಸ್ಪಷ್ಟವಾಗಿ ಕಂಡಿತು. ಸಬ್ತಿ ಕಾವಲುಮನೆಯಲ್ಲಿ ಉಳಿಯುತ್ತಾನೆ, ಆದರೆ ಸುಮ್ಮನೆ ಉಳಿಯುವುದಿಲ್ಲ. ಆ ಬೆರಳನ್ನು, ಆ ಮಧ್ಯಾಹ್ನವನ್ನು, ಆ ಹೆದರುಪುಕ್ಕನನ್ನು ಮಡಿಲಲ್ಲಿ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಉಳಿಯುತ್ತಾನೆ, ಲೋಕ ಮುಗಿಯುವವರೆಗೆ. ಖಲಫ್ ತಾನು ಸತ್ತು ಮೇಲೆ ಹೋದರೆ ತನ್ನ ಪಡಿರೂಪದ ಹತ್ತಿರವೂ ಅದು ಇರುವುದಿಲ್ಲ. ಇರುವುದು ಈ ಸಬ್ತಿಯ ಹತ್ತಿರ. ಅಲ್ಲೂ ಇವನೇ ಮೇಲು, ತಾನೇ ಕೀಳು.

ಕೊಡೋ ನನ್ನದನ್ನ, ಎಂದುಕೊಂಡ ಖಲಫ್. ಎದೆಯೊಳಗೆ ಹಗೆ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. ಕೊಡೋ ಬೆರಳುಗತ್ತರಿ. ನನ್ನ ಹೇಡಿತನ ನನ್ನದು. ನಿನಗ್ಯಾಕೆ ಬೇಕು ಅದು?

"ಕೈ ಕೊಡು" ಎಂದರು ಶೇಖ್.

"ಹೆಸರು ತಪ್ಪು" ಎಂದ ಖಲಫ್.

ಶೇಖರ ಕೈ ಹಾಗೇ ನಿಂತಿತು. ದಡದಲ್ಲಿ ಯಾರೋ ಏನಂತೆ, ಏನಂತೆ ಎಂದು ಕೇಳಿದರು. ಖಲಫ್ ಎಲ್ಲರಿಗೂ ಕೇಳುವಂತೆ ಹೇಳಿದ.

"ತಪ್ಪು ಹೆಸರು ಬೇಕಂತ್ಲೇ ಹೇಳ್ದೆ ಗುರುಗಳೇ. ಅವನ ಹೆಸರು ಶಾರತಳ ಮಗ ಬಿಹ್ರಾಮ್. ಅವನಿಗೆ ಉಡುಗೆ ಸಿಗಬಾರ್ದು ಅಂತ ಹಾಗೆ ಮಾಡ್ದೆ. ಇನ್ನೊಂದು ಹೇಳ್ಬಿಡ್ತೀನಿ. ಈ ಬೆರಳು ಅವನು ಕತ್ತರಿಸಿದ್ದಲ್ಲ. ನಾನೇ ಇಟ್ಟೆ, ನಾನೇ ಒತ್ದೆ. ಗುರುವಾಗೋಕೆ ಹೆದರಿದ್ದೆ."

ಶೇಖ್ ಯೂಹಾನರ ಗಡ್ಡ ಅಲುಗುತ್ತಿತ್ತು. ಚಳಿಗೋ ಸಿಟ್ಟಿಗೋ ತಿಳಿಯಲಿಲ್ಲ. ಮುಂಜಾನೆಯಿಂದ ಮಾಡಿದ್ದೆಲ್ಲ ಕೆಟ್ಟಿತ್ತು. ತಾವೂ ಕೆಟ್ಟಿದ್ದರು. ಪಕ್ಕದ ಊರಿನ ಗುರುವಿಗೆ ದೋಣಿ ಕಳಿಸಿ, ಸಂಜೆಯೊಳಗೆ ತಾವು ಮೊದಲು ಮುಳುಗಬೇಕು. ಹಬ್ಬದಲ್ಲಿ ಉಳಿದಿರುವುದು ಒಂದೇ ದಿನ.

"ಮೇಲೆ ಹೋಗು" ಎಂದರು. ಅಷ್ಟೇ ಅಂದರು.

ದಡಕ್ಕೆ ಬಂದವನ ಸುತ್ತ ಜನ ಜಾಗ ಬಿಟ್ಟು ನಿಂತರು. ಒಬ್ಬಿಬ್ಬರು ಉಗುಳಿದರು. ಲುಲ್ವಾ ಹತ್ತಿರ ಬಂದು ಒಂದು ಕಂಬಳಿಯನ್ನು ಅವನ ಕಾಲ ಬುಡದಲ್ಲಿ ಹಾಕಿ, ಹೊದಿಸದೆ, ತಿರುಗಿ ಹೋದಳು. ಇಷ್ಟು ವರ್ಷ ಆ ಕೈಗೆ ಎಣ್ಣೆ ತಿಕ್ಕಿದವಳು ಅವಳು. ಮುಂದೇನು ಎಂದು ಹಿರಿಯರು ಗುಂಪು ಕೂಡಿ ಮಾತಾಡಿದರು. ಇಂಥವನಿಗೆ ಮತ್ತೆ ಆ ಉಡುಗೆ ಉಡಿಸುವುದೇ? ಸತ್ತವನಿಗೆ ಅವಮಾನ. ಬೇಡ, ಬರುವ ವರ್ಷ ನೋಡೋಣ ಎಂದರು ಕೆಲವರು. ಶೇಖ್ ದೂರದಲ್ಲೇ ನಿಂತು, ಅದನ್ನು ಹೇಳಬೇಕಾದವಳು ಅವನ ಹೆಂಡತಿ ಎಂದರು.

ಎಲ್ಲರೂ ಶಾಮಿಯಾಳ ಕಡೆ ನೋಡಿದರು. ಅವಳು ಖಲಫನ ಹತ್ತಿರ ಬಂದು ನಿಂತಳು. ಒದ್ದೆ ಉಡುಗೆಯ ಬಲ ಮಗ್ಗುಲನ್ನು ಹಿಡಿದು, ಹಲ್ಲಿನಿಂದ ಹೊಲಿಗೆ ಕಚ್ಚಿ ಬಂಗಾರದ ಎಳೆಯನ್ನು ಎಳೆದು ತೆಗೆದಳು. ಆಮೇಲೆ ಎಡಕ್ಕೆ ಬಂದು ಬೆಳ್ಳಿಯದನ್ನು ತೆಗೆದಳು. ಎರಡನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

"ಇವರೇ ಉಡ್ಲಿ" ಎಂದಳು. ದನಿ ಒರಟಾಗಿತ್ತು. "ಮೂವತ್ತೊಂದು ವರ್ಷ ಅವರು ಇವರನ್ನ ಉಟ್ಕೊಂಡು ತಿರುಗಿದ್ರು. ನಾನು ಅದನ್ನೇ ಒಗೆದೆ. ಒಂದು ದಿನ ಇವರು ಅವರನ್ನ ಉಡ್ಲಿ. ತೂಕ ಎಷ್ಟಿದೆ ಗೊತ್ತಾಗ್ಲಿ."

ಮಧ್ಯಾಹ್ನ ಅವಳು ಮತ್ತೆ ಬಟ್ಟೆ ತಂದಳು. ಈ ಸಲ ಮನೆಯೊಳಗೆ ಬರಲಿಲ್ಲ, ಒಲೆಮನೆಗೆ ಬಂದಳು. ಮೂವತ್ತೊಂದು ವರ್ಷದ ಹಿಂದೆ ಅವಳ ಗಂಡ ಕೂರುತ್ತಿದ್ದ ಜಾಗದಲ್ಲಿ ಕೇಳದೆಯೇ ಕೂತಳು. ಒಲೆ ಆರಿತ್ತು. ಹಬ್ಬದ ಮುಂಚೆ ಕಪ್ಪು ತುಂಬಿಟ್ಟ ಮುಚ್ಚಳ ಉಜ್ಜದೆ ಹಾಗೇ ಬಿದ್ದಿತ್ತು. ಖಲಫ್ ಅವಳ ಮುಂದೆ ನಿಂತ. ಕ್ಷಮಿಸು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅವಳೂ ಅದಕ್ಕಾಗಿ ಬಂದಿರಲಿಲ್ಲ.

"ನಾಳೆ ಅವನಿಗೆ ಉಡುಗೆ ತಲುಪುತ್ತೆ" ಎಂದ ಕೊನೆಗೆ. "ಉಟ್ಕೊಂಡು ಅಲ್ಲಿ ಕಾದಿರ್ಲಿ. ನಾನು ಬಂದ ಮೇಲೆ ನಮ್ಮಿಬ್ಬರದ್ದು ಇನ್ನೂ ಮಾತಿದೆ."

"ಇರ್ಲಿ" ಎಂದಳು ಶಾಮಿಯಾ. "ಅವರಿಗೂ ಇರಬಹುದು. ಕೈ ಚಾಚಿ."

ಅವನು ಬಲಗೈ ಚಾಚಿದ. ಅವಳು ದಾರದ ತುದಿಯನ್ನು ಭುಜಕ್ಕೆ ಒತ್ತಿಹಿಡಿದು, ತೋಳಿನುದ್ದಕ್ಕೂ ಎಳೆದು ತಂದು, ಮುಷ್ಟಿಯ ಹತ್ತಿರ ನಿಂತು ಕಾದಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೊನೆಯದು ಇರಬೇಕಾದ ಕಡೆ ನುಣ್ಣಗಾದ ಮೊಟಕು ಗಂಟು ಮಾತ್ರ ಇತ್ತು. ಅವಳು ಅದನ್ನು ಹತ್ತಿರದಿಂದ ನೋಡಿದಳು. ದಾರವನ್ನು ಅಲ್ಲಿಯವರೆಗೆ ತಂದು ಮುಟ್ಟಿಸಿ, ಗಂಟು ಹಾಕಿದಳು.